ಹಿತ್ತಲಿನ ಎಲೆಗಳಿಂದ ಕಷಾಯ: ಗಿಡದ ಗುರುತು, ಕೊಯ್ಲು, ತಯಾರಿಕೆ ಮತ್ತು ಎಚ್ಚರಿಕೆ

ಮನೆಯ ಅಂಗಳದ ತುಳಸಿ, ಬಾವಿಕಟ್ಟೆಯ ಪಕ್ಕದ ಮಜ್ಜಿಗೆ ಹುಲ್ಲು, ಕುಂಡದಲ್ಲಿನ ದೊಡ್ಡಪತ್ರೆ, ಇವು ಕರ್ನಾಟಕದ ಹೆಚ್ಚಿನ ಮನೆಗಳಲ್ಲಿ ಹಿಂದಿನಿಂದಲೂ ಇರುವ ಗಿಡಗಳು. ನೆಗಡಿಯಾದಾಗ, ಹೊಟ್ಟೆ ಭಾರವಾದಾಗ, ಮಳೆಯಲ್ಲಿ ನೆನೆದು ಬಂದಾಗ ಹಿರಿಯರು ನಾಲ್ಕು ಎಲೆ ಕಿತ್ತು ಕುದಿಸಿ ಕೊಡುತ್ತಿದ್ದರು. 2020ರ ನಂತರ ಈ ಅಭ್ಯಾಸ ಮತ್ತೆ ಹೆಚ್ಚಾಗಿದೆ. ಕಾಫಿ ಚಹಾ ಬಿಟ್ಟು ದಿನವೂ ಎಲೆಗಳ ಕಷಾಯ ಕುಡಿಯುವ ಕುಟುಂಬಗಳು ಈಗ ಅನೇಕ ಇವೆ.

ಹಿತ್ತಲಿನ ಗಿಡದಿಂದ ಕಷಾಯ ಮಾಡುವುದರಲ್ಲಿ ದೊಡ್ಡ ಅನುಕೂಲವಿದೆ. ಗಿಡ ಯಾವುದು, ಅದಕ್ಕೆ ಯಾವ ನೀರು ಹಾಕಿದೆ, ಔಷಧ ಸಿಂಪಡಿಸಲಾಗಿದೆಯೇ ಎಂಬುದೆಲ್ಲ ಮನೆಯವರಿಗೆ ಗೊತ್ತಿರುತ್ತದೆ. ಆದರೆ "ಮನೆಯದೇ ಗಿಡ, ಏನೂ ಆಗುವುದಿಲ್ಲ" ಎಂಬ ನಂಬಿಕೆಯಿಂದ ತೊಂದರೆಗೆ ಸಿಲುಕಿದವರೂ ಇದ್ದಾರೆ. ತಪ್ಪು ಗಿಡ, ಅತಿಯಾದ ಪ್ರಮಾಣ, ಜೊತೆಗೆ ಸೇವಿಸುವ ಮಾತ್ರೆ, ಈ ಮೂರು ಕಡೆ ತೊಂದರೆ ಬರುತ್ತದೆ. ಆದ್ದರಿಂದ ಗೊತ್ತಿರುವ ಗಿಡ, ಕಡಿಮೆ ಎಲೆ, ತಿಳಿಯಾದ ಕಷಾಯ ಎಂಬ ಕ್ರಮವನ್ನು ಇಟ್ಟುಕೊಂಡರೆ ಹಿತ್ತಲಿನ ಕಷಾಯ ಮನೆಮಂದಿಗೆಲ್ಲ ಒಳ್ಳೆಯದು. ಆ ಕ್ರಮದ ವಿವರಗಳು ಇಲ್ಲಿವೆ.

ಕಷಾಯ ಎಂದರೆ ಏನು?

ಅಂಗಡಿಯ ಚಹಾ ಪುಡಿ ಕ್ಯಾಮೆಲಿಯಾ ಸೈನೆನ್ಸಿಸ್ ಎಂಬ ಗಿಡದ ಎಲೆಯದು. ಅದರಲ್ಲಿ ಕೆಫೀನ್ ಇದೆ. ತುಳಸಿ, ಪುದೀನ, ಮಜ್ಜಿಗೆ ಹುಲ್ಲು ಮುಂತಾದವುಗಳಲ್ಲಿ ಕೆಫೀನ್ ಇಲ್ಲ. "ಹರ್ಬಲ್ ಟೀ" ಎಂದು ಈಗ ಕರೆಯುವುದು ನಿಜವಾಗಿ ಚಹಾ ಅಲ್ಲ, ಕಷಾಯದ ಜಾತಿಗೆ ಸೇರಿದ್ದು.

ಆಯುರ್ವೇದದಲ್ಲಿ ಸ್ವರಸ, ಕಲ್ಕ, ಕ್ವಾಥ, ಹಿಮ, ಫಾಂಟ ಎಂದು ಐದು ಬಗೆಯ ಕಷಾಯ ಕಲ್ಪನೆಗಳಿವೆ. ಸ್ವರಸ ಎಂದರೆ ಹಿಂಡಿದ ರಸ. ಕಲ್ಕ ಎಂದರೆ ಅರೆದ ಮುದ್ದೆ. ಕ್ವಾಥ ಎಂದರೆ ನೀರಿನಲ್ಲಿ ಕುದಿಸಿ ಬತ್ತಿಸಿದ್ದು. ಹಿಮ ಎಂದರೆ ತಣ್ಣೀರಿನಲ್ಲಿ ನೆನೆಸಿಟ್ಟು ಸೋಸಿದ್ದು. ಫಾಂಟ ಎಂದರೆ ಬಿಸಿನೀರಿನಲ್ಲಿ ಸ್ವಲ್ಪ ಹೊತ್ತು ಮುಚ್ಚಿಟ್ಟು ಸೋಸಿದ್ದು. ಹಿತ್ತಲಿನ ಎಲೆಗಳ ಪಾನೀಯ ಹೆಚ್ಚಾಗಿ ಫಾಂಟದ ಬಗೆಯದು.

ಈ ವ್ಯತ್ಯಾಸ ಅಡುಗೆಮನೆಯಲ್ಲಿ ಉಪಯೋಗಕ್ಕೆ ಬರುತ್ತದೆ. ತುಳಸಿ, ಪುದೀನ, ಮಜ್ಜಿಗೆ ಹುಲ್ಲುಗಳ ಗುಣ ಇರುವುದು ಆವಿಯಾಗಿ ಹೋಗುವ ಎಣ್ಣೆಯ ಅಂಶದಲ್ಲಿ. ಹತ್ತು ಹದಿನೈದು ನಿಮಿಷ ತೆರೆದ ಪಾತ್ರೆಯಲ್ಲಿ ಕುದಿಸಿದರೆ ಪರಿಮಳ ಮನೆ ತುಂಬುತ್ತದೆ, ಲೋಟದಲ್ಲಿ ಕಹಿ ನೀರು ಉಳಿಯುತ್ತದೆ. ಇಂಥ ಮೃದುವಾದ ಎಲೆಗಳಿಗೆ ಒಲೆ ಆರಿಸಿ ಮುಚ್ಚಿಡುವುದೇ ಸರಿ. ಕೊತ್ತಂಬರಿ ಬೀಜ, ಜೀರಿಗೆ, ಮೆಣಸು, ದಾಲ್ಚಿನ್ನಿ, ಒಣಶುಂಠಿಯಂಥ ಗಟ್ಟಿ ಪದಾರ್ಥಗಳನ್ನು ಕುದಿಸಬೇಕು. ಎರಡನ್ನೂ ಸೇರಿಸುವಾಗ ಮೊದಲು ಗಟ್ಟಿ ಪದಾರ್ಥ ಕುದಿಸಿ, ಒಲೆ ಆರಿಸಿ, ಕೊನೆಗೆ ಎಲೆ ಹಾಕಿ ಮುಚ್ಚಬೇಕು.

ಹಿತ್ತಲಿಗೆ ತಕ್ಕ ಗಿಡಗಳು

ತುಳಸಿ: ಹಸಿರು ಎಲೆಯ ಶ್ರೀತುಳಸಿ, ನೇರಳೆ ಛಾಯೆಯ ಕೃಷ್ಣತುಳಸಿ ಎರಡೂ ಬಳಕೆಗೆ ಯೋಗ್ಯ. ಕೃಷ್ಣತುಳಸಿ ಸ್ವಲ್ಪ ಖಾರ. ಲವಂಗದ ವಾಸನೆ ಬರುವುದು ಯುಜೆನಾಲ್ ಎಂಬ ಅಂಶದಿಂದ, ಲವಂಗದಲ್ಲಿಯೂ ಅದೇ ಇದೆ. ಬಿಸಿಲು ಬೀಳುವ ಜಾಗ ಬೇಕು. ಕದಿರು ಬರುತ್ತಿದ್ದಂತೆ ಚಿವುಟಿದರೆ ಎಲೆ ಹೆಚ್ಚು ಬರುತ್ತದೆ. ಒಂದು ಲೋಟಕ್ಕೆ 6ರಿಂದ 8 ಎಲೆ ಸಾಕು.

ಮಜ್ಜಿಗೆ ಹುಲ್ಲು: ನಿಂಬೆ ಹುಲ್ಲು ಎಂದೂ ಹೆಸರು. ನಿಂಬೆಯ ಪರಿಮಳ ಸಿಟ್ರಲ್ ಎಂಬ ಅಂಶದಿಂದ ಬರುತ್ತದೆ. ಒಂದು ಬುಡ ನೆಟ್ಟರೆ ವರ್ಷದೊಳಗೆ ದೊಡ್ಡ ಪೊದೆಯಾಗುತ್ತದೆ. ಎಲೆಯ ಅಂಚು ಹರಿತವಾಗಿರುವುದರಿಂದ ಕೈಯಲ್ಲಿ ಎಳೆಯದೆ ಕತ್ತರಿಯಲ್ಲಿ ಕತ್ತರಿಸಬೇಕು. ಇದನ್ನೇ ಹೋಲುವ ಸಿಟ್ರೊನೆಲ್ಲಾ ಹುಲ್ಲನ್ನು ಸೊಳ್ಳೆ ಓಡಿಸಲು ಬೆಳೆಸುತ್ತಾರೆ. ಅದರ ಬುಡ ಕೆಂಪು ಛಾಯೆಯಲ್ಲಿರುತ್ತದೆ, ವಾಸನೆ ಸೋಪಿನಂತೆ ಇರುತ್ತದೆ. ಮಜ್ಜಿಗೆ ಹುಲ್ಲಿನ ಬುಡ ತಿಳಿಹಸಿರು ಅಥವಾ ಬಿಳಿ. ಉಜ್ಜಿ ಮೂಸಿದಾಗ ಶುದ್ಧ ನಿಂಬೆ ವಾಸನೆ ಬಂದರೆ ಮಾತ್ರ ಬಳಸಿರಿ.

ದೊಡ್ಡಪತ್ರೆ: ಕರಾವಳಿಯಲ್ಲಿ ಸಾಂಬ್ರಾಣಿ ಎನ್ನುತ್ತಾರೆ. ದಪ್ಪನೆಯ, ರೋಮವಿರುವ, ಅಂಚು ಕಚ್ಚಾದ ಎಲೆ. ಅಜವಾನದ ವಾಸನೆ. ಒಂದು ಕಡ್ಡಿ ಮುರಿದು ನೆಟ್ಟರೆ ಬರುತ್ತದೆ. ಅಪಾರ್ಟ್‌ಮೆಂಟಿನ ಬಾಲ್ಕನಿಯಲ್ಲಿಯೂ ಬೆಳೆಯುತ್ತದೆ. ನೀರಿನ ಅಂಶ ಹೆಚ್ಚಿರುವುದರಿಂದ ಈ ಎಲೆ ಒಣಗಿಸಲು ತಕ್ಕದ್ದಲ್ಲ, ಹಸಿಯಾಗಿಯೇ ಬಳಸಬೇಕು. ಒಂದು ಲೋಟಕ್ಕೆ 2 ಎಲೆ.

ಪುದೀನ: ಅರೆ ನೆರಳು, ತೇವವಿರುವ ಮಣ್ಣು ಬೇಕು. ನೆಲದಲ್ಲಿ ನೆಟ್ಟರೆ ಹರಡಿಕೊಳ್ಳುತ್ತದೆ, ಆದ್ದರಿಂದ ಅಗಲವಾದ ಕುಂಡ ಅನುಕೂಲ. ಊಟದ ನಂತರ ಹೊಟ್ಟೆ ಉಬ್ಬರಕ್ಕೆ ಹಿತ. ಎದೆಯುರಿ, ಹುಳಿತೇಗು ಇರುವವರಿಗೆ ಪುದೀನದಿಂದ ಅದು ಹೆಚ್ಚಾಗಬಹುದು, ಅಂಥವರು ಬಿಡುವುದು ಒಳಿತು.

ಕರಿಬೇವು ಮತ್ತು ನಿಂಬೆ ಎಲೆ: ಎರಡೂ ಹೆಚ್ಚಿನ ಮನೆಗಳಲ್ಲಿ ಇರುವಂಥವು. ಎಳೆಯ ನಿಂಬೆ ಎಲೆ 2, ಕರಿಬೇವು 5-6 ಎಲೆ ಬಿಸಿನೀರಿನಲ್ಲಿ ಮುಚ್ಚಿಟ್ಟರೆ ಸಕ್ಕರೆ ಹಾಕದೆಯೂ ಕುಡಿಯಬಹುದು.

ದಾಸವಾಳ ಮತ್ತು ಶಂಖಪುಷ್ಪ: ಐದು ಎಸಳಿನ ಕೆಂಪು ದಾಸವಾಳದ ಎಸಳು ಮಾತ್ರ ತೆಗೆದು, ಕೇಸರ ಮತ್ತು ತೊಟ್ಟು ಬಿಟ್ಟು ಬಳಸುತ್ತಾರೆ. ಶಂಖಪುಷ್ಪದ ಕಷಾಯ ಕಡುನೀಲಿ. ಎರಡಕ್ಕೂ ನಿಂಬೆರಸ ಬಿದ್ದ ಕೂಡಲೇ ಬಣ್ಣ ಬದಲಾಗುತ್ತದೆ. ಹೂವಿನಲ್ಲಿರುವ ಆಂಥೋಸಯನಿನ್ ಎಂಬ ವರ್ಣದ್ರವ್ಯ ಹುಳಿಗೆ ಬಣ್ಣ ಬದಲಿಸುವುದೇ ಇದಕ್ಕೆ ಕಾರಣ, ಕಲಬೆರಕೆ ಎಂದು ಭಯಪಡಬೇಕಾಗಿಲ್ಲ. ಶಂಖಪುಷ್ಪದ ಬೀಜ ಭೇದಿ ಮಾಡಿಸುತ್ತದೆ, ಹೂವಿನೊಂದಿಗೆ ಅದು ಸೇರಬಾರದು. ಉತ್ತರ ಕರ್ನಾಟಕದವರು ಪುಂಡಿಯನ್ನು ಸೊಪ್ಪಾಗಿ ಬಲ್ಲರು. ಅದೇ ಜಾತಿಯ ಗಿಡದ ಕೆಂಪು, ಹುಳಿಯಾದ ಪುಷ್ಪಪಾತ್ರೆಯನ್ನು ಒಣಗಿಸಿ "ಹೈಬಿಸ್ಕಸ್ ಟೀ" ಎಂದು ಮಾರುತ್ತಾರೆ.

ಅಮೃತಬಳ್ಳಿಯ ವಿಷಯ

ಅಮೃತಬಳ್ಳಿಯನ್ನು ಪ್ರತ್ಯೇಕವಾಗಿ ಹೇಳಬೇಕಾಗಿದೆ. ಕೋವಿಡ್ ಕಾಲದಲ್ಲಿ ಅನೇಕರು ಇದರ ಕಾಂಡವನ್ನು ದಿನವೂ ಕುದಿಸಿ ಕುಡಿದರು. ಅಮೃತಬಳ್ಳಿ ಸೇವಿಸಿದ ಕೆಲವರಲ್ಲಿ ಯಕೃತ್ತಿಗೆ ಹಾನಿಯಾದ ಪ್ರಕರಣಗಳನ್ನು ಮುಂಬೈಯ ವೈದ್ಯರು 2021ರಲ್ಲಿ ಪ್ರಕಟಿಸಿದರು. ಆಯುಷ್ ಸಚಿವಾಲಯ ಇದನ್ನು ಒಪ್ಪಲಿಲ್ಲ. ರೋಗಿಗಳು ಸೇವಿಸಿದ್ದು ಅಮೃತಬಳ್ಳಿಯೇ ಎಂದು ಖಚಿತಪಡಿಸಿಕೊಂಡಿಲ್ಲ, ಅದನ್ನೇ ಹೋಲುವ ಟಿನೋಸ್ಪೋರಾ ಕ್ರಿಸ್ಪಾ ಎಂಬ ಬೇರೆ ಬಳ್ಳಿಯ ಬಗ್ಗೆ ಎಚ್ಚರ ಬೇಕು ಎಂದು ಹೇಳಿತು.

ಯಾರ ವಾದ ಸರಿ ಎಂಬುದನ್ನು ತಜ್ಞರಿಗೆ ಬಿಟ್ಟರೂ, ಮನೆಯವರು ಕಲಿಯಬೇಕಾದ ಪಾಠ ಒಂದೇ. ಬಳ್ಳಿಯ ಗುರುತು ಖಚಿತವಾಗಿರಬೇಕು, ತಿಂಗಳುಗಟ್ಟಲೆ ಕುಡಿಯಬಾರದು. ನಿಜವಾದ ಅಮೃತಬಳ್ಳಿಯ ಎಲೆ ಹೃದಯದ ಆಕಾರ. ಕಾಂಡದ ಮೇಲೆ ತೆಳುವಾದ, ಕಾಗದದಂತೆ ಸುಲಿಯುವ ಸಿಪ್ಪೆ, ಒಳಗೆ ಹಸಿರು. ಮೇಲಿನಿಂದ ದಾರದಂಥ ಬೇರುಗಳು ಇಳಿಯುತ್ತವೆ. ಹೋಲುವ ಬಳ್ಳಿಯ ಕಾಂಡದ ತುಂಬ ನರುಲಿಯಂಥ ಗಂಟುಗಳಿರುತ್ತವೆ. ಯಕೃತ್ತಿನ ತೊಂದರೆ ಇರುವವರು, ದೇಹದ ರಕ್ಷಣಾ ವ್ಯವಸ್ಥೆಯೇ ದೇಹದ ಮೇಲೆ ತಿರುಗಿಬೀಳುವ ಬಗೆಯ ಕಾಯಿಲೆ ಇರುವವರು, ಸಕ್ಕರೆ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಅಮೃತಬಳ್ಳಿ ಬಳಸಬಾರದು. ಕಷಾಯ ಕುಡಿಯುವಾಗ ಕಣ್ಣು ಹಳದಿಯಾದರೆ, ಮೂತ್ರ ಕಡುಬಣ್ಣಕ್ಕೆ ತಿರುಗಿದರೆ ತಕ್ಷಣ ನಿಲ್ಲಿಸಿ ಆಸ್ಪತ್ರೆಗೆ ಹೋಗಬೇಕು.

ಪಾತ್ರೆಗೆ ಹಾಕಬಾರದ ಗಿಡಗಳು

ಹಿತ್ತಲಿನಲ್ಲಿ ಪೂಜೆಗೋ ಅಂದಕ್ಕೋ ಬೆಳೆಸಿದ ಕೆಲವು ಗಿಡಗಳು ವಿಷಕಾರಿ. ಕಣಗಿಲೆಯ ಎಲ್ಲ ಭಾಗಗಳೂ, ಹಳದಿ ಕಣಗಿಲೆಯ ಬೀಜವೂ ಹೃದಯದ ಬಡಿತವನ್ನೇ ಕೆಡಿಸುತ್ತವೆ. ಉಮ್ಮತ್ತಿ, ಎಕ್ಕ, ಗುಲಗಂಜಿ, ಲಂಟಾನ ಇವೂ ಬೇಡ.

ಹೆಚ್ಚು ಮೋಸಹೋಗುವುದು ನಿತ್ಯಪುಷ್ಪದ ವಿಷಯದಲ್ಲಿ. ಸಕ್ಕರೆ ಕಾಯಿಲೆಗೆ ಇದರ ಎಲೆ ಅಥವಾ ಹೂವನ್ನು ಕುದಿಸಿ ಕುಡಿಯಬೇಕೆಂಬ ಮಾತು ಊರೂರಲ್ಲಿ ಇದೆ. ವಿನ್‌ಕ್ರಿಸ್ಟೀನ್, ವಿನ್‌ಬ್ಲಾಸ್ಟೀನ್ ಎಂಬ ಕ್ಯಾನ್ಸರ್ ಔಷಧಿಗಳನ್ನು ಪಡೆಯುವುದು ಇದೇ ಗಿಡದಿಂದ. ಆಸ್ಪತ್ರೆಯಲ್ಲಿ ಮಿಲಿಗ್ರಾಂ ಲೆಕ್ಕದಲ್ಲಿ, ರಕ್ತಪರೀಕ್ಷೆ ಮಾಡಿಸುತ್ತ ಕೊಡುವ ಔಷಧಿಯ ಗಿಡವನ್ನು ಮನೆಯಲ್ಲಿ ಅಂದಾಜಿನಲ್ಲಿ ಕುದಿಸಿ ಕುಡಿಯುವುದು ಅಪಾಯ.

ಆಡುಸೋಗೆ ಕೆಮ್ಮಿಗೆ ಹೆಸರಾದ ಗಿಡ. ಕಫ ಕರಗಿಸುವ ಬ್ರೋಮ್‌ಹೆಕ್ಸಿನ್ ಎಂಬ ಔಷಧಿಯ ಮೂಲ ಇದರಲ್ಲಿರುವ ವ್ಯಾಸಿಸೀನ್. ಅಷ್ಟು ಬಲವಿರುವುದರಿಂದಲೇ ಇದು ದಿನನಿತ್ಯದ ಪಾನೀಯವಲ್ಲ. ಗರ್ಭಿಣಿಯರಿಗಂತೂ ಕೊಡಲೇಬಾರದು.

ಕೊಯ್ಯುವ ಕ್ರಮ

ಬೆಳಗಿನ ಇಬ್ಬನಿ ಆರಿದ ಮೇಲೆ, ಬಿಸಿಲು ಏರುವ ಮುನ್ನ ಕೊಯ್ಯುವುದು ಉತ್ತಮ. ಆಗ ಎಲೆಯಲ್ಲಿ ಪರಿಮಳವೂ ಹೆಚ್ಚು, ಹುಳುಗಳೂ ಕಣ್ಣಿಗೆ ಬೀಳುತ್ತವೆ. ಒಂದು ಗಿಡದಿಂದ ಒಂದು ಸಲಕ್ಕೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ತೆಗೆಯಬಾರದು. ರೆಂಬೆ ಮುರಿಯದೆ, ಬೇರು ಕೀಳದೆ ಎಲೆ ಮಾತ್ರ ತೆಗೆದರೆ ಗಿಡ ವರ್ಷಗಳ ಕಾಲ ಕೊಡುತ್ತದೆ.

ಪ್ರತಿ ಎಲೆಯ ಹಿಂಬದಿಯನ್ನು ಬೆಳಕಿಗೆ ಹಿಡಿದು ನೋಡಬೇಕು. ಮೊಟ್ಟೆ, ಜೇಡರ ಬಲೆ, ಬಿಳಿ ತಿಗಣೆ, ಇರುವೆ ಇದ್ದರೆ ಆ ಎಲೆಯನ್ನು ಗಿಡದಲ್ಲೇ ಬಿಡುವುದು. ಪುದೀನ ಮತ್ತು ದೊಡ್ಡಪತ್ರೆಯಲ್ಲಿ ಇದು ಹೆಚ್ಚು. ಕೊಯ್ದ ಎಲೆಗಳನ್ನು ಬಿಳಿ ಬಟ್ಟೆಯ ಮೇಲೆ ಹತ್ತು ನಿಮಿಷ ಹರಡಿಟ್ಟರೆ ಉಳಿದ ಸಣ್ಣ ಜೀವಿಗಳು ತಾವೇ ಹೊರಬರುತ್ತವೆ. ಅವುಗಳನ್ನು ಬಟ್ಟೆ ಸಮೇತ ಗಿಡದ ಬುಡಕ್ಕೆ ಒಯ್ದು ಮೆಲ್ಲಗೆ ಬಿಡಬಹುದು. ನಂತರವೇ ತೊಳೆಯಬೇಕು.

ಎಲ್ಲಿಂದ ಕೊಯ್ಯಬಾರದು ಎಂಬುದೂ ಮುಖ್ಯ. ವಾಹನ ಓಡಾಡುವ ರಸ್ತೆಯ ಅಂಚು, ಬಟ್ಟೆ ಪಾತ್ರೆ ತೊಳೆದ ನೀರು ಹರಿಯುವ ಜಾಗ, ನಾಯಿ ಬೆಕ್ಕು ಇಲಿಗಳ ಓಡಾಟವಿರುವ ಮೂಲೆ, ಪಕ್ಕದ ತೋಟದಲ್ಲಿ ಕೀಟನಾಶಕ ಹೊಡೆದಿರುವ ಬೇಲಿ, ಇವು ಬೇಡ. ನರ್ಸರಿಯಿಂದ ಹೊಸದಾಗಿ ತಂದ ಗಿಡಕ್ಕೆ ಅಲ್ಲಿ ಔಷಧ ಸಿಂಪಡಿಸಿರುವ ಸಾಧ್ಯತೆ ಇದೆ. ಹಳೆಯ ಎಲೆಗಳನ್ನೆಲ್ಲ ಬಿಟ್ಟು, ಮನೆಯಲ್ಲಿ ಹೊಸದಾಗಿ ಚಿಗುರಿದ ಎಲೆಗಳನ್ನು ಮಾತ್ರ ಬಳಸಿರಿ.

ಜೈನ ಮನೆಗಳಲ್ಲಿ ಗಮನಿಸುವ ಅಂಶಗಳು

ಪುಸ್ತಕಗಳಲ್ಲಿ, ವಿಡಿಯೋಗಳಲ್ಲಿ ಬರುವ ಕಷಾಯದ ವಿಧಾನಗಳು ಹೆಚ್ಚಾಗಿ ಹಸಿಶುಂಠಿ, ಹಸಿ ಅರಿಶಿನ ಮತ್ತು ಜೇನುತುಪ್ಪದಿಂದ ಕೂಡಿರುತ್ತವೆ. ಶ್ರಾವಕರ ಮನೆಗಳಲ್ಲಿ ಇವು ವರ್ಜ್ಯ. ಆದರೆ ಇವಿಲ್ಲದೆ ಕಷಾಯ ಆಗುವುದಿಲ್ಲ ಎಂದೇನೂ ಇಲ್ಲ.

ಹಸಿಶುಂಠಿಗೆ ಬದಲು ಒಣಶುಂಠಿ, ಹಸಿ ಅರಿಶಿನಕ್ಕೆ ಬದಲು ಒಣ ಅರಿಶಿನದ ಪುಡಿ ಹೆಚ್ಚಿನ ಮನೆಗಳಲ್ಲಿ ರೂಢಿಯಲ್ಲಿದೆ. ಕಷಾಯಕ್ಕೆ ಒಣಶುಂಠಿಯೇ ಹೆಚ್ಚು ಖಾರ. ಹಸಿಶುಂಠಿಯಲ್ಲಿರುವ ಜಿಂಜರಾಲ್ ಒಣಗುವಾಗ ಶೋಗಾಲ್ ಎಂಬ ಇನ್ನೂ ಖಾರವಾದ ಅಂಶವಾಗಿ ಬದಲಾಗುತ್ತದೆ. ಆದ್ದರಿಂದ ಕಾಲು ಚಮಚ ಪುಡಿ ಎರಡು ಲೋಟಕ್ಕೆ ಸಾಕು. ಜೇನಿಗೆ ಬದಲು ಬೆಲ್ಲ ಅಥವಾ ಕಲ್ಲುಸಕ್ಕರೆ. ಒಂದು ವರ್ಷದೊಳಗಿನ ಮಕ್ಕಳಿಗೆ ಜೇನು ಕೊಡಬಾರದೆಂದು ಮಕ್ಕಳ ವೈದ್ಯರೂ ಹೇಳುತ್ತಾರೆ. ಮಜ್ಜಿಗೆ ಹುಲ್ಲಿನಲ್ಲಿ ಮಣ್ಣಿನೊಳಗಿನ ಬುಡ ಬಿಟ್ಟು ಮೇಲಿನ ಎಲೆ ಮಾತ್ರ ತೆಗೆದರೆ ಸಾಕು, ಪರಿಮಳಕ್ಕೆ ಕೊರತೆಯಿಲ್ಲ. ಲಾವಂಚ, ಸೊಗದೆ ಬೇರಿನ ಪಾನಕಗಳು ಬೇರು ಅಗೆದು ಮಾಡುವಂಥವು, ಅವುಗಳ ಬದಲು ಎಲೆಯ ಕಷಾಯ ಸಾಕು.

ಹೂವನ್ನು ಆಹಾರದಲ್ಲಿ ಬಳಸದ ಕುಟುಂಬಗಳು ದಾಸವಾಳ, ಶಂಖಪುಷ್ಪ ಬಿಟ್ಟು ಎಲೆಗಳಲ್ಲೇ ಮಾಡಿಕೊಳ್ಳಬಹುದು. ಅಷ್ಟಮಿ, ಚತುರ್ದಶಿಯಂದು ಹಸಿರು ಬಿಡುವವರು, ಚಾತುರ್ಮಾಸದಲ್ಲಿ ಸೊಪ್ಪು ಬಿಡುವವರು ಜೀರಿಗೆ, ಕೊತ್ತಂಬರಿ ಬೀಜ, ಮೆಣಸಿನ ಕಷಾಯಕ್ಕೆ ಹೊಂದಿಕೊಳ್ಳಬಹುದು. ನೀರನ್ನು ದಟ್ಟವಾದ ಹತ್ತಿ ಬಟ್ಟೆಯನ್ನು ಎರಡು ಪದರ ಮಡಿಸಿ ಸೋಸಿಯೇ ಒಲೆಗೆ ಇಡುವುದು ರೂಢಿ. ಸೂರ್ಯಾಸ್ತದ ನಂತರ ಆಹಾರ ಸೇವಿಸದವರು ಸಂಜೆಯ ಕಷಾಯವನ್ನು ಹೊತ್ತಿಗೆ ಮುಂಚೆ ಮುಗಿಸಬೇಕು. ಉಪವಾಸದ ದಿನ ಕಷಾಯ ಸಲ್ಲುವುದಿಲ್ಲ. ಏಕಾಶನದವರು ಆ ಒಂದು ಹೊತ್ತಿನ ಊಟದ ಜೊತೆಗೇ ತೆಗೆದುಕೊಳ್ಳುತ್ತಾರೆ. ಮನೆತನದ ನಿಯಮಗಳಲ್ಲಿ ಸಣ್ಣಪುಟ್ಟ ವ್ಯತ್ಯಾಸಗಳಿರುತ್ತವೆ, ಸಂದೇಹವಿದ್ದರೆ ಮುನಿಗಳಲ್ಲಿ, ಆರ್ಯಿಕೆಯರಲ್ಲಿ ಅಥವಾ ಮನೆಯ ಹಿರಿಯರಲ್ಲಿ ಕೇಳಿ ತಿಳಿಯಬಹುದು.

ಒಣಗಿಸಿ ಇಡುವುದು

ತುಳಸಿ, ಮಜ್ಜಿಗೆ ಹುಲ್ಲು, ಪುದೀನ, ಕರಿಬೇವು ಒಣಗಿಸಲು ಯೋಗ್ಯ. ಫೆಬ್ರವರಿಯಿಂದ ಮೇ ವರೆಗೆ ಒಣಗಿಸುವುದು ಸುಲಭ. ತೊಳೆದು, ನೀರು ಪೂರ್ತಿ ಬಸಿದ ಎಲೆಗಳನ್ನು ಗಾಳಿಯಾಡುವ ನೆರಳಿನಲ್ಲಿ ತೆಳುವಾಗಿ ಹರಡಿ, ಮೇಲೆ ತೆಳ್ಳನೆಯ ಬಟ್ಟೆ ಮುಚ್ಚಬೇಕು. ನೇರ ಬಿಸಿಲಿನಲ್ಲಿ ಬಣ್ಣವೂ ಪರಿಮಳವೂ ಹೋಗುತ್ತವೆ. ಮುಟ್ಟಿದರೆ ಸದ್ದು ಮಾಡಿ ಪುಡಿಯಾಗುವಷ್ಟು ಒಣಗಬೇಕು. ಸ್ವಲ್ಪ ಮೆತ್ತಗಿದ್ದರೂ ಡಬ್ಬದಲ್ಲಿ ಬೂಷ್ಟು ಹಿಡಿಯುತ್ತದೆ.

ಎಲೆಯನ್ನು ಪುಡಿ ಮಾಡದೆ ಇಡಿಯಾಗಿ ಗಾಜಿನ ಸೀಸೆಯಲ್ಲಿ ತುಂಬಿ, ಗಿಡದ ಹೆಸರು ಮತ್ತು ದಿನಾಂಕ ಬರೆದ ಚೀಟಿ ಅಂಟಿಸಬೇಕು. ಪುಡಿಯನ್ನು ಬೇಕಾದಾಗ ಬೇಕಾದಷ್ಟೇ ಮಾಡಿಕೊಳ್ಳುವುದು ಲೇಸು. ಹಿಟ್ಟು ಮುಂತಾದ ಪುಡಿಗಳಿಗೆ ಮಳೆಗಾಲದಲ್ಲಿ 3 ದಿನ, ಬೇಸಿಗೆಯಲ್ಲಿ 5 ದಿನ, ಚಳಿಗಾಲದಲ್ಲಿ 7 ದಿನ ಎಂಬ ಮರ್ಯಾದೆಯನ್ನು ದಿಗಂಬರ ಸಂಪ್ರದಾಯದ ವ್ರತಿಗಳ ಮನೆಗಳಲ್ಲಿ ಪಾಲಿಸುತ್ತಾರೆ. ಮಳೆಗಾಲದ ತೇವದಲ್ಲಿ ಪುಡಿ ಬೇಗ ಕೆಡುತ್ತದೆ ಎಂಬುದು ಅಡುಗೆಮನೆಯ ಅನುಭವವೂ ಹೌದು. ಬಣ್ಣ ಬದಲಾದ, ಗಂಟುಕಟ್ಟಿದ, ಮುಗ್ಗಲು ವಾಸನೆಯ ಎಲೆಯನ್ನು ಕಷಾಯಕ್ಕೆ ಬಳಸಬಾರದು.

ಅಳತೆಯಲ್ಲಿ ಒಂದು ಚಮಚ ಒಣ ಎಲೆ ಸುಮಾರು ಮೂರು ಚಮಚ ಹಸಿ ಎಲೆಗೆ ಸಮ.

ತಯಾರಿಸುವ ವಿಧಾನಗಳು

ಪಾತ್ರೆ ಸ್ಟೀಲ್ ಅಥವಾ ಮಣ್ಣಿನದಾಗಿರಲಿ. ಕಲಾಯಿ ಇಲ್ಲದ ಹಿತ್ತಾಳೆ, ತಾಮ್ರದ ಪಾತ್ರೆಯಲ್ಲಿ ನಿಂಬೆ ಹುಳಿ ಬಿದ್ದರೆ ಲೋಹ ಕರಗಿ ವಾಂತಿ, ಹೊಟ್ಟೆನೋವು ಬರಬಹುದು. ಕೆಳಗಿನ ಅಳತೆಗಳು ಇಬ್ಬರಿಗೆ, ಸುಮಾರು 300 ಮಿಲಿಲೀಟರ್ ನೀರಿಗೆ.

1. ದಿನನಿತ್ಯದ ಕಷಾಯ: ಮಜ್ಜಿಗೆ ಹುಲ್ಲಿನ 2 ಎಲೆಗಳನ್ನು ಬೆರಳುದ್ದ ಕತ್ತರಿಸಿ. ತುಳಸಿ 8 ಎಲೆ, ಪುದೀನ 6 ಎಲೆ. ನೀರು ಕುದಿ ಬಂದ ಕೂಡಲೇ ಮಜ್ಜಿಗೆ ಹುಲ್ಲು ಹಾಕಿ 2 ನಿಮಿಷ ಕುದಿಸಿ. ಒಲೆ ಆರಿಸಿ ತುಳಸಿ, ಪುದೀನ ಹಾಕಿ 5 ನಿಮಿಷ ಮುಚ್ಚಿಡಿ. ಸೋಸಿ ಕುಡಿಯಿರಿ. ಸಿಹಿ ಬೇಕಿದ್ದರೆ ಚಿಟಿಕೆ ಬೆಲ್ಲ.

2. ನೆಗಡಿ, ಗಂಟಲು ಕೆರೆತಕ್ಕೆ: ಮೆಣಸು 4 ಕಾಳು ಜಜ್ಜಿ, ಕಾಲು ಚಮಚ ಒಣಶುಂಠಿ ಪುಡಿಯೊಂದಿಗೆ 5 ನಿಮಿಷ ಕುದಿಸಿ. ಒಲೆ ಆರಿಸಿ ದೊಡ್ಡಪತ್ರೆ 3 ಎಲೆ, ತುಳಸಿ 8 ಎಲೆ ಹಾಕಿ ಮುಚ್ಚಿ. 7 ನಿಮಿಷದ ನಂತರ ಸೋಸಿ, ಬೆಲ್ಲ ಸೇರಿಸಿ. ದಿನಕ್ಕೆ ಎರಡು ಸಲ, ಮೂರು ನಾಲ್ಕು ದಿನ ಸಾಕು.

3. ಊಟದ ನಂತರ: ಜೀರಿಗೆ ಅರ್ಧ ಚಮಚ, ಕೊತ್ತಂಬರಿ ಬೀಜ ಒಂದು ಚಮಚ ಹುರಿದು ಜಜ್ಜಿ 5 ನಿಮಿಷ ಕುದಿಸಿ. ಒಲೆ ಆರಿಸಿ ಕರಿಬೇವು 6 ಎಲೆ ಹಾಕಿ ಮುಚ್ಚಿ. ಇದಕ್ಕೆ ಹಾಲು ಬೆಲ್ಲ ಸೇರಿಸಿದರೆ ಮಲೆನಾಡು, ಕರಾವಳಿಯ ಮನೆಗಳ ಕಷಾಯದ ರುಚಿ ಬರುತ್ತದೆ.

4. ಆಯುಷ್ ಕ್ವಾಥ: 2020ರಲ್ಲಿ ಆಯುಷ್ ಸಚಿವಾಲಯ ತಿಳಿಸಿದ ಪ್ರಮಾಣ ಇದು. ಒಣ ತುಳಸಿ ಎಲೆ 4 ಪಾಲು, ದಾಲ್ಚಿನ್ನಿ 2 ಪಾಲು, ಒಣಶುಂಠಿ 2 ಪಾಲು, ಕಾಳುಮೆಣಸು 1 ಪಾಲು ತರಿಯಾಗಿ ಪುಡಿ ಮಾಡಿ. 3 ಗ್ರಾಂ ಪುಡಿಯನ್ನು 150 ಮಿಲಿಲೀಟರ್ ಕುದಿದ ನೀರಿಗೆ ಹಾಕಿ ದಿನಕ್ಕೆ ಒಂದು ಅಥವಾ ಎರಡು ಸಲ. ಇದರಲ್ಲಿ ಹಸಿ ಗಡ್ಡೆಯೂ ಇಲ್ಲ, ಜೇನೂ ಬೇಕಾಗಿಲ್ಲ. ಹೊಟ್ಟೆಹುಣ್ಣು, ಮೂಲವ್ಯಾಧಿ, ಉಷ್ಣ ಶರೀರದವರಿಗೆ ಇದು ಖಾರವಾಗಬಹುದು, ಅಂಥವರು ಮೊದಲನೆಯ ಕಷಾಯಕ್ಕೆ ನಿಲ್ಲುವುದು ಒಳ್ಳೆಯದು.

ಯಾವ ಕಷಾಯವನ್ನೂ ಆಗಿಂದಾಗ ಮಾಡಿ ಆಗಲೇ ಕುಡಿಯಬೇಕು. ರಾತ್ರಿ ಇಟ್ಟದ್ದನ್ನು ಬೆಳಿಗ್ಗೆ ಬಿಸಿ ಮಾಡಿ ಕುಡಿಯುವುದು ಆರೋಗ್ಯಕ್ಕೂ ಆಚಾರಕ್ಕೂ ಸಲ್ಲದು. ಹೊಸ ಎಲೆಯನ್ನು ಮೊದಲ ಸಲ ಬಳಸುವಾಗ ಒಂದೇ ಗಿಡದ್ದು, ಅರ್ಧ ಲೋಟ ಮಾತ್ರ ಕುಡಿದು ಒಂದು ದಿನ ನೋಡಬೇಕು. ತುರಿಕೆ, ಹೊಟ್ಟೆನೋವು ಬಂದರೆ ಯಾವ ಎಲೆಯಿಂದ ಎಂಬುದು ಆಗ ತಿಳಿಯುತ್ತದೆ. ಎಲ್ಲ ಎಲೆಗಳನ್ನೂ ಒಟ್ಟಿಗೆ ಹಾಕಿದರೆ ಕಾರಣ ಹುಡುಕುವುದು ಕಷ್ಟ.

ಮಾತ್ರೆ ಸೇವಿಸುವವರು ಗಮನಿಸಿ

ಅರವತ್ತು ದಾಟಿದವರಿರುವ ಮನೆಯಲ್ಲಿ ಬಿ.ಪಿ., ಸಕ್ಕರೆ, ಥೈರಾಯ್ಡ್, ಹೃದಯದ ಮಾತ್ರೆಗಳಲ್ಲಿ ಒಂದಾದರೂ ಇರುತ್ತದೆ. ಕಷಾಯವೂ ದೇಹದಲ್ಲಿ ಕೆಲಸ ಮಾಡುತ್ತದೆ ಎಂದು ನಂಬುವವರು, ಅದು ಮಾತ್ರೆಯ ಕೆಲಸದ ಮೇಲೂ ಪರಿಣಾಮ ಬೀರಬಹುದು ಎಂಬುದನ್ನು ಒಪ್ಪಬೇಕಾಗುತ್ತದೆ.

ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ತುಳಸಿ, ಶುಂಠಿ, ದಾಲ್ಚಿನ್ನಿಗಳನ್ನು ದಿನವೂ ಸೇವಿಸುವ ಮುನ್ನ ವೈದ್ಯರಿಗೆ ಹೇಳಬೇಕು. ದಾಸವಾಳ, ಪುಂಡಿಯ ಕಷಾಯ ರಕ್ತದೊತ್ತಡವನ್ನು ಸ್ವಲ್ಪ ಇಳಿಸುತ್ತದೆ. ಬಿ.ಪಿ. ಮಾತ್ರೆಯೊಂದಿಗೆ ಸೇರಿದರೆ ತಲೆಸುತ್ತು ಬರಬಹುದು. ಥೈರಾಯ್ಡ್ ಮಾತ್ರೆಯನ್ನು ಖಾಲಿ ಹೊಟ್ಟೆಯಲ್ಲಿ ಬರಿಯ ನೀರಿನೊಂದಿಗೆ ತೆಗೆದುಕೊಂಡು, ಕನಿಷ್ಠ ಅರ್ಧ ಗಂಟೆಯಿಂದ ಒಂದು ಗಂಟೆಯ ನಂತರ ಕಷಾಯ ಕುಡಿಯಬೇಕು. ಮೂತ್ರಪಿಂಡದ ತೊಂದರೆ ಇರುವವರು ಎಷ್ಟು ನೀರು ಕುಡಿಯಬೇಕೆಂಬುದನ್ನೇ ವೈದ್ಯರು ನಿಗದಿ ಮಾಡಿರುತ್ತಾರೆ, ಕಷಾಯವೂ ಆ ಲೆಕ್ಕಕ್ಕೆ ಸೇರುತ್ತದೆ. ಸಕ್ಕರೆ ಕಾಯಿಲೆ ಇರುವವರಿಗೆ ಬೆಲ್ಲವೂ ಸಕ್ಕರೆಯೇ. ಶಸ್ತ್ರಚಿಕಿತ್ಸೆಗೆ ದಿನ ಗೊತ್ತಾಗಿದ್ದರೆ ದಿನವೂ ಕುಡಿಯುವ ಕಷಾಯದ ಹೆಸರುಗಳನ್ನು ವೈದ್ಯರಿಗೆ ಮುಂಚಿತವಾಗಿ ತಿಳಿಸಬೇಕು.

ಗರ್ಭಿಣಿಯರಿಗೆ ದಾಸವಾಳ, ಆಡುಸೋಗೆ, ಅಮೃತಬಳ್ಳಿ ಬೇಡ. ಉಳಿದ ಎಲೆಗಳನ್ನೂ ಅಡುಗೆಯಲ್ಲಿ ಬಳಸುವಷ್ಟು ಪ್ರಮಾಣಕ್ಕೆ ಮಿತಿಗೊಳಿಸುವುದು ಸರಿ. ಎಳೆಯ ಶಿಶುಗಳಿಗೆ ಮನೆಯ ಕಷಾಯ ಕೊಡಬಾರದು.

ಕಷಾಯ ಕುಡಿಯುತ್ತ ಕೂರಬಾರದ ಸಂದರ್ಭಗಳು

ಎರಡು ವಾರ ದಾಟಿದ ಕೆಮ್ಮಿಗೆ ಕಫದ ಪರೀಕ್ಷೆ ಮಾಡಿಸಬೇಕು, ಕ್ಷಯದ ಪರೀಕ್ಷೆಗೆ ಸರ್ಕಾರಿ ಆಸ್ಪತ್ರೆಗಳಲ್ಲಿ ಹಣ ಕೊಡಬೇಕಾಗಿಲ್ಲ. ಮಳೆಗಾಲದಲ್ಲಿ ಜ್ವರ ಬಂದರೆ ಡೆಂಗಿ, ಮಲೇರಿಯಾ, ಇಲಿಜ್ವರದ ಪರೀಕ್ಷೆಗೆ ತಡಮಾಡಬಾರದು. ಉಸಿರಾಟದ ತೊಂದರೆ, ಎದೆನೋವು, ರಕ್ತ ಕಾಣುವುದು, ಮಕ್ಕಳಲ್ಲಿ ಮೂತ್ರ ಕಡಿಮೆಯಾಗುವುದು, ಇವುಗಳಲ್ಲಿ ಯಾವುದಿದ್ದರೂ ಒಲೆಯ ಮುಂದೆ ಕಳೆಯುವ ಸಮಯ ದುಬಾರಿಯಾಗುತ್ತದೆ. ವಿಷದ ಗಿಡ ಹೊಟ್ಟೆಗೆ ಹೋಗಿರುವ ಸಂಶಯವಿದ್ದರೆ ಆ ಗಿಡದ ಒಂದು ರೆಂಬೆಯನ್ನೂ ಆಸ್ಪತ್ರೆಗೆ ಒಯ್ಯಿರಿ. ಯಾವ ವಿಷ ಎಂದು ತಿಳಿದರೆ ಚಿಕಿತ್ಸೆ ಬೇಗ ಆರಂಭವಾಗುತ್ತದೆ. ತುರ್ತಿಗೆ 108ಕ್ಕೆ ಕರೆ ಮಾಡಬಹುದು.

ಹೊಸದಾಗಿ ಆರಂಭಿಸುವವರಿಗೆ

ಹತ್ತು ಗಿಡ ತಂದು ನೆಡುವ ಅಗತ್ಯವಿಲ್ಲ. ತುಳಸಿ, ಮಜ್ಜಿಗೆ ಹುಲ್ಲು, ದೊಡ್ಡಪತ್ರೆ, ಪುದೀನ ಈ ನಾಲ್ಕು ಕುಂಡಗಳಿದ್ದರೆ ಒಂದು ಮನೆಗೆ ವರ್ಷವಿಡೀ ಸಾಕು. ಬಿಸಿಲು ಬರುವ ಬಾಲ್ಕನಿಯಲ್ಲಿಯೂ ಇವು ಬೆಳೆಯುತ್ತವೆ. ಮಜ್ಜಿಗೆ ಹುಲ್ಲಿಗೆ ಮಾತ್ರ ದೊಡ್ಡ ಕುಂಡ ಬೇಕು. ಬಸಿದ ಎಲೆಗಳನ್ನು ಆ ಕುಂಡಗಳ ಮಣ್ಣಿಗೇ ಹಾಕಿದರೆ ಗೊಬ್ಬರ.

ಪ್ರತಿ ಕುಂಡಕ್ಕೂ ಗಿಡದ ಹೆಸರು ಬರೆದು ನಿಲ್ಲಿಸಿದರೆ ಮನೆಯ ಮಕ್ಕಳು ಗಿಡಗಳ ಗುರುತನ್ನು ಬೇಗ ಕಲಿಯುತ್ತಾರೆ. ಅಜ್ಜಿಗೆ ಎಲೆ ಮುಟ್ಟಿದರೇ ತಿಳಿಯುತ್ತಿದ್ದ ಗಿಡ ಮೊಮ್ಮಕ್ಕಳಿಗೆ ಹೆಸರಿನಿಂದಲೂ ತಿಳಿಯದ ಮನೆಗಳು ಈಗ ಹೆಚ್ಚುತ್ತಿವೆ. ಹಿರಿಯರು ಇರುವಾಗಲೇ ಅವರೊಂದಿಗೆ ಒಂದು ಬೆಳಿಗ್ಗೆ ಹಿತ್ತಲು ಸುತ್ತಿ, ಯಾವುದು ಕುಡಿಯಲು ತಕ್ಕದ್ದು, ಯಾವುದು ಮುಟ್ಟಬಾರದ್ದು ಎಂದು ಕೇಳಿ ಬರೆದಿಟ್ಟುಕೊಳ್ಳುವುದು ಪ್ರತಿ ಕುಟುಂಬಕ್ಕೂ ಉಪಯುಕ್ತ.